ಹೊಳೆ ಬದಿ ಮನೆ, ಆರು ವರ್ಷದ ಕಾರು: ಇನ್ಶೂರೆನ್ಸ್ ಎಷ್ಟು ಸಾಕು?

ಪ್ರಶ್ನೆ: ಸರ್, ನಮ್ದು ಕುಮಟಾ ಹತ್ರ ಹೊಳೆ ಬದಿ ಮನೆ. ಆರು ವರ್ಷದ 1197 ಸಿಸಿ ಪೆಟ್ರೋಲ್ ಕಾರು, ಇಲ್ಲಿವರೆಗೆ ಒಂದೂ ಕ್ಲೇಮ್ ಮಾಡಿಲ್ಲ. ಏಜೆಂಟರು ಹಳೇ ಗಾಡಿಗೆ ಬರೀ ಥರ್ಡ್ ಪಾರ್ಟಿ ಸಾಕು ಅಂತಾರೆ, ಮಗ ಮೊಬೈಲಲ್ಲಿ ಬೇರೆ ಕಂಪನಿದು ಫುಲ್ ಇನ್ಶೂರೆನ್ಸೇ ಕಮ್ಮಿಗೆ ಸಿಗತ್ತೆ ಅಂತ ತೋರಿಸ್ತಾನೆ. ಯಾರ ಮಾತು ಕೇಳ್ಲಿ?

ಉತ್ತರ: ಬರೀ ಥರ್ಡ್ ಪಾರ್ಟಿ ಮಾತ್ರ ಬೇಡ, ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ, ಅದರಲ್ಲಿ ನಿಮ್ಮ ಗಾಡಿಗೆ ಏನಾದ್ರೂ ಒಂದು ರೂಪಾಯಿನೂ ಬರಲ್ಲ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಜರಿದು ಗಾಡಿಗಳು ಮಣ್ಣಡಿ ಹೋಗಿದ್ದು, ಗಂಗಾವಳಿ ಪಾಲಾಗಿದ್ದು ನಾವೆಲ್ಲ ನೋಡಿದೀವಲ್ಲ, ಗುಡ್ಡ ಕುಸಿತ, ನೆರೆ, ಮರ ಬೀಳೋದು ಎಲ್ಲ ಫುಲ್ ಇನ್ಶೂರೆನ್ಸಲ್ಲೇ ಬರೋದು.

ಥರ್ಡ್ ಪಾರ್ಟಿ ರೇಟು ಸರ್ಕಾರದ್ದು, 2022ರ ಜೂನಲ್ಲಿ 1000ದಿಂದ 1500 ಸಿಸಿ ಕಾರಿಗೆ 3,416 ರೂಪಾಯಿ ಅಂತ ಮಾಡಿದ್ರು, ಮೇಲೆ ಜಿಎಸ್‌ಟಿ, ಯಾವ ಕಂಪನಿಗೆ ಹೋದ್ರೂ ಅಷ್ಟೇ. ಹೆಚ್ಚುಕಮ್ಮಿ ಆಗೋದು ಓನ್ ಡ್ಯಾಮೇಜ್, ಅಂದ್ರೆ ನಿಮ್ಮದೇ ಗಾಡಿ ಹಾನಿಗೆ ಕಟ್ಟೋ ಭಾಗದಲ್ಲಿ. ಮಗ ತೋರಿಸಿದ್ರಲ್ಲಿ ಐಡಿವಿ ಎಷ್ಟಿದೆ ನೋಡಿ, ಅಂದ್ರೆ ಗಾಡಿ ಪೂರ್ತಿ ಹೋದ್ರೆ ಕೈಗೆ ಬರೋ ದುಡ್ಡು. ಅದನ್ನ ಇಳಿಸಿ ಪ್ರೀಮಿಯಂ ಕಮ್ಮಿ ತೋರ್ಸೋದು ಬಹಳ ಕಡೆ ಇದೆ, ಎರಡೂ ಕಡೆ ಒಂದೇ ಐಡಿವಿ ಹಾಕಿ ಆಮೇಲೆ ತಾಳೆ ನೋಡಿ.

ನಿಮಗೆ ನಾನು ಒತ್ತಿ ಹೇಳೋದು ಎಂಜಿನ್ ಪ್ರೊಟೆಕ್ಷನ್ ಬಗ್ಗೆ, ಅದು ಪಾಲಿಸಿಗೆ ಬೇರೆ ದುಡ್ಡು ಕಟ್ಟಿ ಸೇರಿಸ್ಕೊಳ್ಳೋ ಆಡ್-ಆನ್. ಅಂಗಳಕ್ಕೆ ನೀರು ಬಂದು ಕಾರು ಮುಳುಗಿದಾಗ ಯಾರೋ ಗಾಬರಿಲಿ ಸೆಲ್ಫ್ ಹೊಡೀತಾರೆ, ನೀರು ಸಿಲಿಂಡರ್ ಒಳಗೆ ಹೋಗಿರತ್ತೆ, ನೀರನ್ನ ಗಾಳಿ ಥರ ಒತ್ತೋಕಾಗಲ್ಲ, ಕನೆಕ್ಟಿಂಗ್ ರಾಡೇ ಬಗ್ಗಿ ಹೋಗತ್ತೆ. ಸೀಟು, ವೈರಿಂಗಿಗೆ ಕ್ಲೇಮ್ ಕೊಟ್ರೂ ಈ ಎಂಜಿನ್ ಕೆಲಸಕ್ಕೆ ಸಾದಾ ಪಾಲಿಸಿಲಿ ಕೊಡಲ್ಲ, ಅದು ನೀವೇ ಸ್ಟಾರ್ಟ್ ಮಾಡಿ ಆಗಿದ್ದು ಅಂತಾರೆ. ಹಾಗಾಗಿ ಈ ಆಡ್-ಆನ್ ಬಿಡ್ಬೇಡಿ, ಇದ್ರೂ ನೀರಲ್ಲಿ ನಿಂತ ಗಾಡಿಗೆ ಕೀ ಹಾಕ್ಬೇಡಿ, ಫೋಟೋ ತೆಗೆದು ಕಂಪನಿಗೆ ತಿಳಿಸಿ ಎಳೆಸ್ಕೊಂಡು ಹೋಗಿ.

ಉಳಿಸೋಕೆ ಜಾಗ ಬೇರೆ ಇದೆ. ಐದು ವರ್ಷ ಕ್ಲೇಮ್ ಇಲ್ದೇ ಇದ್ರೆ ಓನ್ ಡ್ಯಾಮೇಜ್ ಮೇಲೆ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದ್ರೆ ಪ್ರೀಮಿಯಮ್ಮಲ್ಲಿ ರಿಯಾಯ್ತಿ, ಕಂಪನಿ ಬದಲಿಸಿದ್ರೂ ಅದು ನಿಮ್ದೇ, ನಿಮ್ಮ ಕೊಟೇಶನ್ನಲ್ಲಿ ಹಿಡಿದಿದಾರಾ ನೋಡಿ. ಬಂಪರ್ ಗೀಚಿದ್ದಕ್ಕೆಲ್ಲ ಕ್ಲೇಮ್ ಹಾಕಿ ಅದನ್ನ ಕಳ್ಕೋಬೇಡಿ. ಪಾಲಿಸಿ ಮುಗಿದು 90 ದಿನ ದಾಟಿದ್ರೂ ಬೋನಸ್ ಹೋಗತ್ತೆ. 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಬೈಕಿಗೋ ಬೇರೆಗೋ ಆಗ್ಲೇ ಇದ್ರೆ ಇಲ್ಲಿ ಮತ್ತೆ ಕಟ್ಟೋದು ಬೇಡ. ಪಾರ್ಟ್ಸ್ ಹಳೇದಾಗಿದೆ ಅಂತ ಕ್ಲೇಮಲ್ಲಿ ದುಡ್ಡು ಕಡಿಯದೇ ಇರೋ ಝೀರೋ ಡೆಪ್ ಆಡ್-ಆನ್ ಹಳೇ ಗಾಡಿಗೆ ಕೆಲವರು ಕೊಡೋದೇ ಇಲ್ಲ, ತುಟ್ಟಿ ಆದ್ರೆ ಬಿಡಿ.

ಪ್ರಶ್ನೆ: ಕಾರವಾರದಿಂದ. ಗೋವಾದ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ, ಅವರ ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳಿದೆ, ಹಾಗೇ ಓಡಿಸ್ಬಹುದಾ?

ಉತ್ತರ: 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡ್ಸೋಕೆ ಅರ್ಜಿ ಕೊಡಿ, ಇಲ್ಲಾಂದ್ರೆ ನಿಮ್ಮ ಗಾಡಿ ರಿಪೇರಿಗೆ ಕ್ಲೇಮ್ ಸಿಗೋದು ಕಷ್ಟ. ಮೊದಲಿನವರ ಬೋನಸ್ ನಿಮಗೆ ಬರಲ್ಲ, ಅದರ ವ್ಯತ್ಯಾಸದ ದುಡ್ಡು ಕಟ್ಬೇಕಾಗತ್ತೆ. ಮತ್ತೆ ಬಿಳಿ ಬೋರ್ಡ್ ಗಾಡಿನ ಬಾಡಿಗೆಗೆ ಮಾತ್ರ ಬಿಡ್ಬೇಡಿ, ಆ ಟ್ರಿಪ್ಪಲ್ಲಿ ಆಕ್ಸಿಡೆಂಟ್ ಆದ್ರೆ ಕ್ಲೇಮ್ ತಿರಸ್ಕಾರ ಮಾಡ್ತಾರೆ.