ಟಿವಿಗೆ ನಾಲ್ಕೇ ನಿಮಿಷ ಕಾಣುವ ಲ್ಯಾಪ್‌ಟಾಪ್

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಡಿಎಲ್‌ಎನ್‌ಎ ಸರ್ವರ್ (ಅದರೊಳಗಿನ ವಿಡಿಯೊ ಟಿವಿಗೆ ಒದಗಿಸುವ ಸಾಫ್ಟ್‌ವೇರ್) ಹಾಕಿದ್ದೇನೆ. ಶುರು ಮಾಡಿದ ತಕ್ಷಣ ಟಿವಿಯಲ್ಲಿ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಮಾಯ. ರೌಟರ್‌ನಲ್ಲಿ ಐಜಿಎಂಪಿ ಸ್ನೂಪಿಂಗ್, ಐಜಿಎಂಪಿ ಪ್ರಾಕ್ಸಿ ಅಂತ ಎರಡಿವೆ. ಯಾವುದನ್ನು ಆನ್ ಮಾಡಲಿ? ರೀಸೆಟ್ ಮಾಡಿಯೂ ನೋಡಿದೆ.

ಉತ್ತರ: ಈ ರೀಸೆಟ್ ಚಟ ಮೊದಲು ಬಿಡಿ. ಇದ್ದ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಅಷ್ಟೇ ಲಾಭ.

ಎಷ್ಟು ಹೊತ್ತಿಗೆ ಮಾಯ ಅಂತ ಗಡಿಯಾರ ನೋಡಿದ್ದೀರಾ? 4 ನಿಮಿಷ 20 ಸೆಕೆಂಡಿನ ಆಸುಪಾಸಾದರೆ ಕಳ್ಳ ಸಿಕ್ಕ ಹಾಗೇ. ಟಿವಿ ‘ಯಾರಿದ್ದೀರಿ’ ಅಂತ 239.255.255.250 ಎಂಬ ಮಲ್ಟಿಕಾಸ್ಟ್ (ಒಂದೇ ಸಲಕ್ಕೆ ಇಡೀ ಗುಂಪಿಗೆ ಕಳಿಸುವ) ವಿಳಾಸಕ್ಕೆ ಕೂಗುತ್ತದೆ. ಸ್ನೂಪಿಂಗ್ ಆನ್ ಇದ್ದರೆ ರೌಟರ್ ಆ ಕೂಗನ್ನು ಎಲ್ಲರಿಗೂ ಕಳಿಸುವುದಿಲ್ಲ, ಆ ಗುಂಪಿಗೆ ಹೆಸರು ಕೊಟ್ಟವರಿಗೆ ಮಾತ್ರ. ಲ್ಯಾಪ್‌ಟಾಪ್ ಶುರುವಿನಲ್ಲಿ ಹೆಸರು ಕೊಟ್ಟು ಸುಮ್ಮನಾಗುತ್ತದೆ. ಆಮೇಲೆ ‘ಇನ್ನೂ ಇದ್ದೀರಾ’ ಅಂತ 125 ಸೆಕೆಂಡಿಗೊಮ್ಮೆ ಹಾಜರಿ ಕೂಗುವವರು ಬೇಕು. ಅದೇ ಕ್ವೆರಿಯರ್. ಹೆಸರು ಕೊಡುವ, ಹಾಜರಿ ಕೂಗುವ ಈ ಪದ್ಧತಿಯೇ ಐಜಿಎಂಪಿ. ಕ್ವೆರಿಯರ್ ಇಲ್ಲದಿದ್ದರೆ 260 ಸೆಕೆಂಡಿಗೆ ರೌಟರ್ ಹೆಸರು ಹೊಡೆದುಹಾಕುತ್ತದೆ, ಟಿವಿಯ ಕೂಗು ಲ್ಯಾಪ್‌ಟಾಪಿಗೆ ಮುಟ್ಟುವುದಿಲ್ಲ.

ಹಾಗಾಗಿ ರೌಟರ್‌ನಲ್ಲಿ ಕ್ವೆರಿಯರ್ ಹುಡುಕಿ ಆನ್ ಮಾಡಿ. ಇಲ್ಲವಾ? ಪ್ರಾಕ್ಸಿ ಹಾಕಿ ನೋಡಿ. ಅದು ಇರುವುದು ಹೊರಗಿನ ಐಪಿಟಿವಿ (ನೆಟ್ ಕಂಪನಿ ನೆಟ್ ಮೂಲಕವೇ ಕಳಿಸುವ ಟಿವಿ) ಚಾನೆಲ್ ಒಳಗೆ ತರಲು, ಆದರೆ ಮನೆಯೊಳಗೆ ಹಾಜರಿಯನ್ನೂ ಕೂಗುತ್ತದೆ. ‘ಪ್ರಾಕ್ಸಿ ಹಾಕಿದೆ, ಸರಿಹೋಯ್ತು’ ಅನ್ನುವವರ ಗುಟ್ಟು ಇಷ್ಟೇ. ಎರಡೂ ಆಗದಿದ್ದರೆ ಸ್ನೂಪಿಂಗನ್ನೇ ಆಫ್ ಮಾಡಿ. ನಾಲ್ಕು ಫೋನಿರುವ ಮನೆಗೆ ನಷ್ಟವೇನಿಲ್ಲ. ಮಲ್ಟಿಕಾಸ್ಟ್ ಐಪಿಟಿವಿ ಇದ್ದರೆ ಮಾತ್ರ ಆಫ್ ಮಾಡಬೇಡಿ. ಇಡೀ ಚಾನೆಲ್ ವೈಫೈ ಮೇಲೆ ಸುರಿಯುತ್ತದೆ. ಮಲ್ಟಿಕಾಸ್ಟನ್ನು ವೈಫೈ ಸಾಮಾನ್ಯವಾಗಿ ಕಡಿಮೆ ವೇಗದಲ್ಲೇ ಕಳಿಸುವುದು, ಮಿಕ್ಕವರ ನೆಟ್ ತೆವಳುತ್ತದೆ.

ನಾನಂತೂ ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಮುಟ್ಟಿ ಐದು ನಿಮಿಷ ಕಾಯುತ್ತೇನೆ. ಒಂದೇ ನಿಮಿಷಕ್ಕೆ ‘ಸರಿಹೋಯ್ತು’ ಅಂತ ನನಗೆ ಬರೀಬೇಡಿ.

ಪ್ರಶ್ನೆ: ಫೋನಿನ ಕಾಸ್ಟ್ ಪಟ್ಟಿಯಲ್ಲಿ ಟಿವಿ ಬರುವುದೇ ಇಲ್ಲ.

ಉತ್ತರ: ಫೋನ್ ಗೆಸ್ಟ್ ವೈಫೈನಲ್ಲಿದೆಯಾ ನೋಡಿ, ಇದ್ದರೆ ಟಿವಿ ಇರುವ ವೈಫೈಗೆ ಬದಲಿಸಿ. ಇಲ್ಲದಿದ್ದರೆ ರೌಟರ್‌ನ ಎಪಿ ಐಸೊಲೇಷನ್ (ಒಂದೇ ವೈಫೈನ ಸಾಧನಗಳು ಒಂದಕ್ಕೊಂದು ಕಾಣದಂತೆ ತಡೆಯುವ ಸೆಟ್ಟಿಂಗ್) ಆಫ್ ಮಾಡಿ.

ಪ್ರಶ್ನೆ: ಮಲ್ಟಿಕಾಸ್ಟ್ ಆನ್ ಮಾಡಿದರೆ ಯೂಟ್ಯೂಬ್ ವೇಗವಾಗುತ್ತದಂತೆ?

ಉತ್ತರ: ಇಲ್ಲ. ಯೂಟ್ಯೂಬ್ ನಿಮ್ಮ ಮನೆಗೆ ಮಲ್ಟಿಕಾಸ್ಟಿನಲ್ಲಿ ಬರುವುದೇ ಇಲ್ಲ.

ಪ್ರಶ್ನೆ: ಟಿವಿ ಕಾಣಲು 1900 ಪೋರ್ಟ್ ಹೊರಗಿನಿಂದ ತೆರೆಯಿರಿ ಎಂದು ಒಂದು ವಿಡಿಯೊದಲ್ಲಿ ಹೇಳಿದ್ದಾರೆ.

ಉತ್ತರ: ಹೇಳಿದವರ ಮನೆಯದ್ದು ತೆರೆದುಕೊಳ್ಳಲಿ. ಮನೆಯೊಳಗಿನ ಹುಡುಕಾಟಕ್ಕೆ ಅದು ಬೇಕೇ ಇಲ್ಲ. ತೆರೆದರೆ ಬೇರೆಯವರ ಮೇಲಿನ ಡಿಡಾಸ್ ದಾಳಿಗೆ (ನಾಲ್ಕೂ ಕಡೆಯಿಂದ ಡೇಟಾ ಸುರಿದು ಅವರ ನೆಟ್ ಉಸಿರುಗಟ್ಟಿಸುವುದು) ನಿಮ್ಮ ಮನೆ ನೆಟ್ ಬಳಕೆಯಾಗಬಹುದು. ಈಗಾಗಲೇ ತೆರೆದಿದ್ದರೆ ಇವತ್ತೇ ಮುಚ್ಚಿ.