ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮೊದಲೇ ಎದೆನೋವು ಬಂದರೆ ಹೃದಯ ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ಡಾಕ್ಟರ್ ಬಾಯಿಯವರಿಗೆ ನಮಸ್ಕಾರ. ನಮ್ಮದು ಬನಹಟ್ಟಿ. ಮನೆಯಲ್ಲೇ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ನಮ್ಮ ಮನೆಯವರಿಗೆ 53 ವರ್ಷ. ದೀಪಾವಳಿಯ ಹಿಂದಿನ ವಾರ ಬೀಮು (ನೂಲು ಸುತ್ತಿದ ಮಗ್ಗದ ಭಾರದ ಉರುಳೆ) ಎತ್ತುವಾಗ, ಊಟ ಮಾಡಿ ನಾಲ್ಕು ಹೆಜ್ಜೆ ನಡೆದಾಗ ಎದೆಯ ನಡುವೆ ಒತ್ತಿ ಹಿಡಿದಂತೆ ಆಗುತ್ತಿತ್ತು. ಕುಳಿತರೆ ಐದು ನಿಮಿಷದಲ್ಲಿ ಇಳಿಯುತ್ತಿತ್ತು. ಗ್ಯಾಸ್ ಎಂದು ಸೋಡಾ ಕುಡಿದರು, ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿದರು. ಪಾಡ್ಯದ ಮರುದಿನ ನಸುಕಿನಲ್ಲಿ ಮೈಯೆಲ್ಲ ಬೆವತು, ನೋವು ಎಡಗೈಗೂ ದವಡೆಗೂ ಹರಿಯಿತು. ಜಮಖಂಡಿಗೆ ಒಯ್ದೆವು. ಅಲ್ಲಿ ಇಂಜೆಕ್ಷನ್ ಕೊಟ್ಟು ಬೆಳಗಾವಿಗೆ ಕಳಿಸಿದರು. ರಕ್ತನಾಳ ತೆರೆದಿಡುವ ಒಂದು ಸ್ಟೆಂಟ್ ಹಾಕಿದ್ದಾರೆ. ಎಕೋ ಎಂಬ ಹೃದಯದ ಸ್ಕ್ಯಾನ್‌ನಲ್ಲಿ 45 ಬಂದಿದೆ. ನನ್ನ ಮೈದುನ, "ಮೊದಲ ನೋವು ಬಂದದ್ದ ಚಲೋ ಆತು ವೈನಿ, ಹೃದಯಕ್ಕ ರೂಢಿ ಆತು, ಅದಕ್ಕ ಅಣ್ಣ ಉಳದಾ" ಎನ್ನುತ್ತಾನೆ. ಇದು ಖರೆ ಏನು? ಇನ್ನು ಮುಂದೆ ಮಗ್ಗ ನಡೆಸಬಹುದೇ? ನನಗೂ ಮೂರು ವಾರದಿಂದ ಬಹಳ ಸುಸ್ತು, ನಿದ್ದೆ ಇಲ್ಲ, ಮಾಳಿಗೆ ಹತ್ತಿದರೆ ದಮ್ಮು ಬರುತ್ತದೆ. ಅವರ ಆರೈಕೆ ಮಾಡಿ ಹೀಗಾಗಿರಬೇಕು. ಆರು ವರ್ಷದಿಂದ ಶುಗರ್ ಗುಳಿಗೆ ತೆಗೆದುಕೊಳ್ಳುತ್ತೇನೆ.
– ಹೆಸರು ಬೇಡ, ಬನಹಟ್ಟಿ

ಉತ್ತರ: ತಂಗಿ, ನಿಮ್ಮ ಪತ್ರ ಓದಿ ನನಗೆ ಹೆಚ್ಚು ಚಿಂತೆಯಾದದ್ದು ನಿಮ್ಮ ಮನೆಯವರ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯವಲ್ಲ ಇದು. ಅದಕ್ಕೇ ಕೂಡಲೇ ಇಸಿಜಿ ಮಾಡಿಸಿಕೊಳ್ಳಿ ಎಂದು ನಿಮಗೆ ನೇರವಾಗಿ ಬರೆದು ಕಳಿಸಿದ್ದೇನೆ. ಇಲ್ಲಿ ಮತ್ತೆ ಬರೆಯುತ್ತಿರುವುದು, ನಿಮ್ಮ ಹಾಗೆಯೇ ತಮ್ಮ ಸುಸ್ತನ್ನು ಕೆಲಸದ ಲೆಕ್ಕಕ್ಕೆ ಹಾಕಿಕೊಂಡು ಸುಮ್ಮನಿರುವ ಎಲ್ಲ ಅಕ್ಕ ತಂಗಿಯರಿಗಾಗಿ.

ಹೃದಯಾಘಾತವಾಗಿ ಬದುಕುಳಿದ 515 ಹೆಂಗಸರನ್ನು ಕೇಳಿ ಮಾಡಿದ ಒಂದು ಅಧ್ಯಯನ 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ನೂರಕ್ಕೆ 95 ಮಂದಿಗೆ ಮೊದಲೇ ಏನಾದರೊಂದು ಸೂಚನೆ ಇತ್ತು. ಎಂದೂ ಇಲ್ಲದಂಥ ಸುಸ್ತು ಸುಮಾರು 71 ಮಂದಿಗೆ, ನಿದ್ದೆಗೇಡು 48 ಮಂದಿಗೆ, ಉಸಿರಾಟದ ತೊಂದರೆ 42 ಮಂದಿಗೆ. ಎದೆಯಲ್ಲಿ ನೋವೋ ಬಿಗಿತವೋ ಇದ್ದವರು 30ಕ್ಕಿಂತ ಕಡಿಮೆ. ನೀವು ಬರೆದ ಮೂರೂ ಲಕ್ಷಣಗಳು ಇದರಲ್ಲಿವೆ. ಜೊತೆಗೆ ಸಕ್ಕರೆ ಕಾಯಿಲೆ. ಶುಗರ್ ಹಳೆಯದಾದಂತೆ ನೋವು ತಿಳಿಸುವ ನರಗಳೇ ಮಂಕಾಗುತ್ತವೆ. ಎದೆನೋವೇ ಇಲ್ಲದೆ ಹೃದಯಾಘಾತ ಆಗಿಹೋದದ್ದು ಎಷ್ಟೋ ದಿನಗಳ ನಂತರ ಇಸಿಜಿಯಲ್ಲಿ ಗೊತ್ತಾಗುವುದುಂಟು. ನಿಮ್ಮ ಸುಸ್ತು ರಕ್ತ ಕಡಿಮೆಯಾಗಿಯೂ ಇರಬಹುದು, ಥೈರಾಯ್ಡ್‌ನಿಂದಲೂ ಇರಬಹುದು, ನಿಜವಾಗಿಯೂ ರಾತ್ರಿ ಜಾಗರಣೆಯದೇ ಇರಬಹುದು. ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ. ಸುಮ್ಮನೆ ಮಲಗಿದಾಗ ತೆಗೆದ ಇಸಿಜಿ ಸರಿ ಬಂತೆಂದು ಎದ್ದು ಬರಬೇಡಿ. "ಮೆಟ್ಟಿಲು ಹತ್ತಿದರೆ ದಮ್ಮು ಬರ್ತದರಿ" ಎಂದು ಬಾಯಿಬಿಟ್ಟು ಹೇಳಿ, ಎಕೋ ಬೇಕೇ, ನಡೆಸಿ ನೋಡುವ ಟಿಎಂಟಿ ಬೇಕೇ ಎಂದು ನೀವೇ ಕೇಳಿ. ಕುಳಿತಲ್ಲೇ ದಮ್ಮು ಬಂದರೆ, ಬೆವರಿದರೆ, 108ಕ್ಕೆ ಫೋನ್ ಮಾಡಿ.

ಇನ್ನು ನಿಮ್ಮ ಮೈದುನನ ಮಾತು. ಅದರಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧ ಗೊತ್ತಿಲ್ಲದಿದ್ದರೆ ಆ ಮಾತು ನಾಳೆ ಇನ್ನೊಬ್ಬರ ಜೀವಕ್ಕೆ ಎರವಾಗುತ್ತದೆ.

1986ರಲ್ಲಿ ಅಮೆರಿಕದ ಮರ್ರಿ, ಜೆನ್ನಿಂಗ್ಸ್, ರೀಮರ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಹೃದಯದ ಒಂದು ರಕ್ತನಾಳವನ್ನು ಐದು ನಿಮಿಷ ಕಟ್ಟುವುದು, ಐದು ನಿಮಿಷ ಬಿಡುವುದು; ಹೀಗೆ ನಾಲ್ಕು ಸಲ. ಆಮೇಲೆ ಅದನ್ನೇ 40 ನಿಮಿಷ ಪೂರ್ತಿ ಕಟ್ಟಿದರು. ಏಕಾಏಕಿ 40 ನಿಮಿಷ ಕಟ್ಟಿದ ನಾಯಿಗಳಿಗೆ ಹೋಲಿಸಿದರೆ ಇವುಗಳಲ್ಲಿ ಸತ್ತ ಮಾಂಸಖಂಡ ಕಾಲು ಭಾಗ ಮಾತ್ರ. ಆಗಾಗ ಸ್ವಲ್ಪ ಹೊತ್ತು ರಕ್ತ ಸಿಗದೆ ಚೇತರಿಸಿಕೊಂಡ ಜೀವಕೋಶ ಮುಂದಿನ ಪೆಟ್ಟನ್ನು ತಡೆದುಕೊಳ್ಳಲು ಸಜ್ಜಾಗುತ್ತದೆ. ಮನುಷ್ಯರಲ್ಲೂ ಇದರ ಕುರುಹು ಸಿಕ್ಕಿದೆ. ಆಘಾತಕ್ಕೆ ಮುಂಚಿನ ಒಂದೆರಡು ದಿನಗಳಲ್ಲಿ ಬಂದು ಹೋಗುವ ಎದೆನೋವು ಇದ್ದವರಲ್ಲಿ, ಏನೂ ಇಲ್ಲದೆ ಒಮ್ಮೆಲೇ ಬಿದ್ದವರಿಗಿಂತ ಹೃದಯಕ್ಕಾದ ಹಾನಿ ಕಡಿಮೆ, ಆಸ್ಪತ್ರೆಯಲ್ಲಿ ಸಾವು ಕೂಡ ಕಡಿಮೆ ಎಂದು 1990ರ ದಶಕದಿಂದ ಹಲವು ಅಧ್ಯಯನಗಳು ತೋರಿಸಿವೆ. ಅಲ್ಲಿಗೆ ಮೈದುನನ ಮಾತು ಸರಿ.

ಅದೇ ಪ್ರಯೋಗದಲ್ಲಿ ಇನ್ನೊಂದು ಗುಂಪಿತ್ತು. ಆ ನಾಯಿಗಳಿಗೂ ನಾಲ್ಕು ಸಲ ಕಟ್ಟಿ ಬಿಟ್ಟರು, ಆದರೆ ಕೊನೆಯಲ್ಲಿ 40 ನಿಮಿಷದ ಬದಲು ಮೂರು ಗಂಟೆ ಕಟ್ಟಿದರು. ಲಾಭ ಮಾಯವಾಗಿತ್ತು! ಅಂದರೆ ಆ ಸಣ್ಣ ನೋವುಗಳು ಹೃದಯವನ್ನು ಗಟ್ಟಿ ಮಾಡಿರಲಿಲ್ಲ. ಸ್ವಲ್ಪ ಹೆಚ್ಚು ಹೊತ್ತು ಕಾಯುವ ಶಕ್ತಿ ಕೊಟ್ಟಿದ್ದವು, ಅಷ್ಟೇ. ಆ ಹೊತ್ತಿನೊಳಗೆ ರಕ್ತನಾಳ ತೆರೆಯದಿದ್ದರೆ ಅದರಿಂದ ಏನೂ ಬರಲಿಲ್ಲ. ವಯಸ್ಸಾದವರಲ್ಲಿ, ಶುಗರ್ ಇದ್ದವರಲ್ಲಿ ಈ ಶಕ್ತಿ ಕುಗ್ಗಿರುತ್ತದೆ ಎಂದೂ ಅಧ್ಯಯನಗಳಿವೆ. ಇನ್ನೊಂದು ಮಾತು: ಈ ಎಲ್ಲ ಲೆಕ್ಕ ಆಸ್ಪತ್ರೆ ಮುಟ್ಟಿದವರದು. ಗ್ಯಾಸ್ ಎಂದು ಮಲಗಿ ನಸುಕಿನಲ್ಲಿ ಏಳದೇ ಹೋದವರು ಯಾವ ಪಟ್ಟಿಯಲ್ಲೂ ಸೇರಿರುವುದಿಲ್ಲ. ನಿಮ್ಮ ಮನೆಯವರನ್ನು ಉಳಿಸಿದ್ದರಲ್ಲಿ ಹಿಂದಿನ ವಾರದ ನೋವಿನ ಪಾಲು ಎಷ್ಟಿದ್ದರೂ, ನಸುಕಿನಲ್ಲೇ ಗಾಡಿ ಹಿಡಿದು ಜಮಖಂಡಿಗೆ ಒಯ್ದ ನಿಮ್ಮ ಪಾಲು ಅದಕ್ಕಿಂತ ದೊಡ್ಡದು. ಅಲ್ಲಿ ಕೊಟ್ಟ ಇಂಜೆಕ್ಷನ್ ಇಲ್ಲದೆ ನೇರ ಬೆಳಗಾವಿಗೋ ಮಿರಜಿಗೋ ಹೊರಟಿದ್ದರೆ ಹೃದಯದ ಮಾಂಸಖಂಡ ದಾರಿಯಲ್ಲೇ ಸಾಯುತ್ತಾ ಹೋಗುತ್ತಿತ್ತು.

ಇದನ್ನು ಓದುವವರಿಗೆಲ್ಲ ಹೇಳುತ್ತೇನೆ. ನಡೆದಾಗ ಬಂದು ನಿಂತರೆ ಹೋಗುವ ಎದೆಯ ಬಿಗಿತ, ಅದು ಹೊಸದಾಗಿ ಶುರುವಾಗಿದ್ದರೆ ಅಥವಾ ದಿನದಿನಕ್ಕೆ ಕಡಿಮೆ ಶ್ರಮಕ್ಕೇ ಬರುತ್ತಿದ್ದರೆ, ಅಂದೇ ಆಸ್ಪತ್ರೆಗೆ ಹೋಗುವ ಕಾಯಿಲೆ. ಸೋಡಾ ಕುಡಿದು ತೇಗು ಬಂತೆಂದರೆ ಅದು ಗ್ಯಾಸ್ ಎಂದು ಸಾಬೀತಾಗುವುದಿಲ್ಲ. ಆ ನೋವು ಹೇಗೂ ಐದು ನಿಮಿಷಕ್ಕೆ ಇಳಿಯುವಂಥದ್ದೇ. ಔಷಧಿ ಅಂಗಡಿಯವರಲ್ಲೂ ಕೈಮುಗಿದು ಕೇಳುತ್ತೇನೆ, ನಲವತ್ತು ದಾಟಿದವರು ಎದೆ ಉರಿ ಎಂದು ಬಂದರೆ ಗುಳಿಗೆ ಕೊಡುವ ಮುನ್ನ "ನಡದ್ರ ಹೆಚ್ಚಾಗ್ತದೇನ್ರಿ?" ಎಂದು ಒಂದು ಮಾತು ಕೇಳಿ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆ ಎಂದು ಆರೋಗ್ಯವಾಗಿದ್ದಾಗಲೇ ವಿಚಾರಿಸಿ ಇಟ್ಟುಕೊಳ್ಳಿ.

ಎಕೋದ 45ರ ಬಗ್ಗೆ ಅಂಜಬೇಡಿ. ಹೃದಯದ ಎಡ ಕೋಣೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತರಲ್ಲೂ 55ರಿಂದ 70ರ ಆಸುಪಾಸು ಇರುತ್ತದೆ, ನೂರು ಯಾರಿಗೂ ಇರುವುದಿಲ್ಲ. ಆಘಾತವಾದ ಹೊಸದರಲ್ಲಿ ಸತ್ತ ಭಾಗದ ಸುತ್ತ ಸಾಯದೇ ಸುಮ್ಮನೆ ಮರಗಟ್ಟಿದ ಭಾಗವೂ ಇರುತ್ತದೆ. ಅದು ವಾರಗಳಲ್ಲಿ ಮತ್ತೆ ಕೆಲಸ ಶುರು ಮಾಡಬಹುದು. ಆರು ವಾರದಿಂದ ಮೂರು ತಿಂಗಳ ನಡುವೆ ಇನ್ನೊಮ್ಮೆ ಎಕೋ ಮಾಡಿಸಿದರೆ ನಿಜವಾದ ಅಂಕಿ ತಿಳಿಯುತ್ತದೆ.

ಮುಂದಿನ ವರ್ಷಗಳು ಹೇಗಿರುತ್ತವೆ ಎಂಬುದು ಬಹಳಷ್ಟು ಗುಳಿಗೆಯ ಡಬ್ಬಿಯ ಮೇಲೆ ನಿಂತಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಗುಳಿಗೆ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಒಂದು ವರ್ಷ. ಹಲ್ಲು ಕೀಳಿಸಬೇಕೆಂದೋ, ಆರಾಮಾಗಿದ್ದೇನೆಂದೋ ಹೃದಯ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ಹೊಸ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಮೊದಲಿನದಕ್ಕಿಂತ ಕೆಟ್ಟ ಆಘಾತವಾಗಬಹುದು. ಅವರು ಬೀಡಿ ಸೇದುತ್ತಾರೋ ಇಲ್ಲವೋ ನೀವು ಬರೆದಿಲ್ಲ. ಸೇದುತ್ತಿದ್ದರೆ ಇಂದಿಗೆ ಮುಗಿಸಲಿ. ಹೃದಯಾಘಾತದ ನಂತರ ಸೇದುವುದು ಬಿಟ್ಟವರಲ್ಲಿ, ಮುಂದುವರಿಸಿದವರಿಗಿಂತ ಸಾವಿನ ಪ್ರಮಾಣ ಸುಮಾರು ಮೂರನೇ ಒಂದು ಭಾಗ ಕಡಿಮೆ. ಮಂಕು ಹಿಡಿದು ಮೂಲೆಯಲ್ಲಿ ಕೂಡುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಅದಕ್ಕೂ ಔಷಧವಿದೆ.

ಮಗ್ಗ ನಡೆಸಬಹುದು. ಸದ್ಯ ದಿನಾ ನಡಿಗೆ, ವಾರಕ್ಕೊಂದಿಷ್ಟು ಹೆಚ್ಚಿಸುತ್ತಾ ಅರ್ಧ ಗಂಟೆಯವರೆಗೆ. ವೈದ್ಯರು ಒಪ್ಪಿದರೆ ಕೆಲವು ವಾರಗಳಲ್ಲಿ ಕುಳಿತು ನಿಂತು ಮಾಡುವ ಹಗುರ ಕೆಲಸ ಶುರು ಮಾಡಲಿ, ಎಳೆ ಕಡಿದರೆ ಕಟ್ಟುವುದು, ಲೆಕ್ಕ ಬರೆಯುವುದು. ಬೀಮು ಎತ್ತುವುದು ಮಾತ್ರ ಎರಡನೇ ಎಕೋ ಮತ್ತು ಟಿಎಂಟಿ ಆದ ಮೇಲೆ. ಅಲ್ಲಿಯವರೆಗೆ ಆ ಕೆಲಸ, ಅಣ್ಣನ ಮೇಲೆ ಇಷ್ಟು ಪ್ರೀತಿಯಿರುವ ನಿಮ್ಮ ಮೈದುನನದು. ನಿಮ್ಮನ್ನು ಇಸಿಜಿಗೆ ಕರೆದುಕೊಂಡು ಹೋಗುವುದೂ ಅವನೇ ಆಗಲಿ. ವರದಿ ಬಂದ ಮೇಲೆ ನನಗೆ ಬರೆಯಿರಿ.