ಕ್ಯಾಸೆಟ್ ತಿರುಗಿಸುವಷ್ಟರಲ್ಲಿ ತಪ್ಪಿಹೋದದ್ದು

ಪ್ರಶ್ನೆ: ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡ 1965ರಿಂದ 1995ರವರೆಗೆ ಸುಮಾರು 2,300 ಕಛೇರಿಗಳನ್ನು ನಡೆಸಿತಂತೆ. ಅವುಗಳ ಧ್ವನಿಮುದ್ರಣಗಳನ್ನು ಕೇಳಲು ಎಲ್ಲಿಂದ ಶುರು ಮಾಡಲಿ ಎಂದು ಯಾರನ್ನು ಕೇಳಿದರೂ ‘1977ರ ಕಾರ್ನೆಲ್’ ಎನ್ನುತ್ತಾರೆ. ನಿಮ್ಮ ಮೆಚ್ಚಿನದೂ ಅದೇ ಏನು?

ಉತ್ತರ: ಅಲ್ಲ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಛೇರಿಯ ಮೇಲೆ ನನಗೆ ಸಿಟ್ಟೇನೂ ಇಲ್ಲ. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅದನ್ನು ಎಷ್ಟು ನಿಚ್ಚಳವಾಗಿ ಮುದ್ರಿಸಿಕೊಂಡಿದ್ದಾರೆಂದರೆ, ಫಿಲ್ ಲೆಶ್ ಅವರ ಬೇಸ್ ಗಿಟಾರಿನ ಸ್ವರಗಳನ್ನು ಬೆರಳು ಮಡಚಿ ಎಣಿಸಬಹುದು. ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಅದನ್ನು ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದೆ. ‘ಮಾರ್ನಿಂಗ್ ಡ್ಯೂ’ ಹಾಡಿನಲ್ಲಿ ಗಿಟಾರ್ ವಾದಕ ಜೆರಿ ಗಾರ್ಸಿಯಾ ಸದ್ದನ್ನು ಪಿಸುಮಾತಿಗೆ ಇಳಿಸಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದನ್ನು ನೀವು ಕೇಳಲೇಬೇಕು. ಆದರೂ ಆ ಕಛೇರಿ ನನಗೆ ಇಸ್ತ್ರಿ ಮಾಡಿದ ಅಂಗಿಯಂತೆ ತೋರುತ್ತದೆ. ಎಲ್ಲಿಯೂ ಒಂದು ಸುಕ್ಕಿಲ್ಲ. (ಮರುದಿನ ಬಫಲೋದಲ್ಲಿ ನುಡಿಸಿದ್ದೇ ಮೇಲು ಎಂದು ವಾದಿಸುವವರಿದ್ದಾರೆ. ಆ ಜಗಳಕ್ಕೆ ನಾನು ಬರುವುದಿಲ್ಲ.)

ನನ್ನದು 1972ರ ಆಗಸ್ಟ್ 27. ಒರೆಗಾನ್ ರಾಜ್ಯದ ವೆನೀಟಾ ಬಳಿಯ ಬಯಲು. ಹಣದ ಮುಗ್ಗಟ್ಟಿನಲ್ಲಿದ್ದ ಒಂದು ಡೈರಿಯ ಸಹಾಯಾರ್ಥ ನಡೆದ ಕಛೇರಿ ಅದು. ಟಿಕೆಟ್ಟುಗಳನ್ನು ಆ ಡೈರಿಯ ಮೊಸರಿನ ಲೇಬಲ್ಲುಗಳ ಮೇಲೆಯೇ ಅಚ್ಚು ಹಾಕಿಸಿದ್ದರು. ಬಿಸಿಲು ಎಷ್ಟಿತ್ತೆಂದರೆ ತಂತಿಗಳು ಶ್ರುತಿಯಲ್ಲಿ ನಿಲ್ಲಲೇ ಇಲ್ಲ. ಮಿಕ್ಕಿ ಹಾರ್ಟ್ ಆಗ ತಂಡದಲ್ಲಿರಲಿಲ್ಲ, ಬಿಲ್ ಕ್ರೂಟ್ಸ್‌ಮನ್ ಒಬ್ಬರೇ ಡ್ರಮ್ ನುಡಿಸುತ್ತಿದ್ದರು. ಇಬ್ಬರು ಡ್ರಮ್ ವಾದಕರಿದ್ದಾಗ ಈ ತಂಡ ರೈಲು. ಒಬ್ಬರೇ ಇದ್ದಾಗ ಸೈಕಲ್ಲು, ಯಾವ ಓಣಿಗೆ ಬೇಕಾದರೂ ಥಟ್ಟನೆ ತಿರುಗುತ್ತದೆ. ಅಂದಿನ ‘ಡಾರ್ಕ್ ಸ್ಟಾರ್’ ಹಾಡು ಅರ್ಧ ಗಂಟೆ ಹಾಗೆ ತಿರುಗುತ್ತಲೇ ಹೋಗುತ್ತದೆ.

ಇಲ್ಲಿ ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ನನ್ನ ಬಳಿ ಇದ್ದದ್ದು ಪ್ರತಿಯ ಪ್ರತಿಯ ಪ್ರತಿ, ತೊಂಬತ್ತು ನಿಮಿಷದ ಕ್ಯಾಸೆಟ್. ‘ಡಾರ್ಕ್ ಸ್ಟಾರ್’ ಇನ್ನೂ ಹರಿಯುತ್ತಿರುವಾಗಲೇ ನಲವತ್ತೈದು ನಿಮಿಷ ಮುಗಿದು ಟಕ್ ಎಂದು ನಿಲ್ಲುತ್ತಿತ್ತು. ಮಗ್ಗುಲು ಬದಲಿಸಿದರೆ ಬಾಬ್ ವೀರ್ ಕೌಬಾಯ್ ಹಾಡು ‘ಎಲ್ ಪಾಸೊ’ ಹಾಡುತ್ತಿದ್ದರು. ನಕ್ಷತ್ರಲೋಕದಿಂದ ಕುದುರೆಯ ಬೆನ್ನಿಗೆ ಒಂದೇ ನೆಗೆತ! ಎಂಥ ಎದೆಗಾರಿಕೆ ಎಂದು ಹಲವರ ಮುಂದೆ ಕೊಂಡಾಡಿದ್ದೇನೆ. 2013ರಲ್ಲಿ ‘ಸನ್‌ಶೈನ್ ಡೇಡ್ರೀಮ್’ ಎಂಬ ಹೆಸರಿನಲ್ಲಿ ಇಡೀ ಕಛೇರಿ ಅಧಿಕೃತವಾಗಿ ಹೊರಬಂದಾಗಲೇ ತಿಳಿದದ್ದು, ಅವರು ನೆಗೆದಿರಲಿಲ್ಲ, ನಡೆದುಕೊಂಡೇ ಹೋಗಿದ್ದರು. ನಾನು ಕೊಂಡಾಡಿದ್ದು ಯಾರೋ ಕ್ಯಾಸೆಟ್ ತಿರುಗಿಸಲು ತಡಮಾಡಿದ್ದನ್ನು. ಈಗ ಆ ದಾರಿಯನ್ನು ಪೂರ್ತಿ ಕೇಳುತ್ತೇನೆ. ಆದರೂ ಹಳೆಯ ‘ಟಕ್’ ಬರುತ್ತಿದ್ದ ಜಾಗದಲ್ಲಿ ಕೈ ತಾನಾಗಿ ಮೇಲೇಳುತ್ತದೆ.

ಪ್ರಶ್ನೆ: ಒಂದೇ ಹಾಡನ್ನು ನೂರು ಕಛೇರಿಗಳಲ್ಲಿ ಕೇಳಿದರೆ ಬೇಸರ ಬರುವುದಿಲ್ಲವೇ?

ಉತ್ತರ: ಬರುತ್ತದೆ. ಎಂಬತ್ತರ ದಶಕದ ಕಛೇರಿಗಳಲ್ಲಿ ಎರಡನೆಯ ಭಾಗದ ನಡುವೆ ಬರುವ ಡ್ರಮ್ ಸುತ್ತನ್ನು ನಾನು ಎಷ್ಟೋ ಸಲ ದಾಟಿಸಿದ್ದೇನೆ. ಆದರೆ 1968ರಲ್ಲಿ ಚಿಕ್ಕ ಗ್ರಾಮಫೋನ್ ತಟ್ಟೆಯಾಗಿ ಬಂದ ‘ಡಾರ್ಕ್ ಸ್ಟಾರ್’ ಮೂರು ನಿಮಿಷವನ್ನೂ ಮುಟ್ಟುವುದಿಲ್ಲ. ಮರುವರ್ಷದ ‘ಲೈವ್/ಡೆಡ್’ ಆಲ್ಬಮ್ಮಿನಲ್ಲಿ ಅದೇ ಹಾಡು ಇಪ್ಪತ್ತಮೂರು ನಿಮಿಷ. ಸಾಹಿತ್ಯಕ್ಕೆ ಒಂದು ಸಾಲೂ ಸೇರಿಲ್ಲ, ಬೆಳೆದದ್ದೆಲ್ಲ ಮನೋಧರ್ಮ. ರಾಗ ವಿಸ್ತಾರ ಕೇಳಿ ಅಭ್ಯಾಸವಿರುವ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ವೇದಿಕೆಯ ಮೈಕುಗಳ ಸದ್ದನ್ನು ಹೊಂದಿಸುವ ಧ್ವನಿಫಲಕದಿಂದ (ಸೌಂಡ್‌ಬೋರ್ಡ್) ನೇರವಾಗಿ ಪಡೆದ ಮುದ್ರಣವೋ, ಸಭಿಕರು ಮೈಕ್ ಹಿಡಿದು ಮಾಡಿಕೊಂಡದ್ದೋ? ಎರಡನೆಯದರಲ್ಲಿ ಗದ್ದಲವೇ ಹೆಚ್ಚು.

ಉತ್ತರ: ಆ ಗದ್ದಲಕ್ಕಾಗಿಯೇ ಕೇಳಬೇಕಾದ ಒಂದು ಕಛೇರಿಯಿದೆ. 1989ರ ಅಕ್ಟೋಬರ್ 9, ವರ್ಜೀನಿಯಾದ ಹ್ಯಾಂಪ್ಟನ್. ತಂಡ ತನ್ನ ಹೆಸರನ್ನು ಮರೆಮಾಡಿ, ‘ಹಿಂದೆ ವಾರ್ಲಾಕ್ಸ್ ಎನಿಸಿಕೊಂಡಿದ್ದವರು’ ಎಂದು ಪ್ರಕಟಿಸಿ ನುಡಿಸಿದ ಎರಡು ಸಂಜೆಗಳಲ್ಲಿ ಅದು ಎರಡನೆಯದು. 1984ರ ಜುಲೈಯಿಂದ ಅವರು ‘ಡಾರ್ಕ್ ಸ್ಟಾರ್’ ಮುಟ್ಟಿರಲಿಲ್ಲ. ಅಂದು ಅದರ ಮೊದಲ ಕೆಲವು ಸ್ವರಗಳು ಬಿದ್ದವೋ ಇಲ್ಲವೋ, ಸಭಾಂಗಣ ಬಿರಿದುಹೋಗುತ್ತದೆ. ಫಲಕದ ಮುದ್ರಣದಲ್ಲಿ ಆ ಕೂಗು ಪಕ್ಕದ ಮನೆಯದು. ಸಭಿಕರ ಮುದ್ರಣದಲ್ಲಿ ನೀವೇ ಅದರೊಳಗೆ ನಿಂತಿರುತ್ತೀರಿ. ಗಿಟಾರ್ ಕೊಂಚ ಹೊತ್ತು ಕೇಳುವುದೇ ಇಲ್ಲ. ಕೇಳದಿದ್ದರೆ ಬೇಡ.

ಪ್ರಶ್ನೆ: ನನ್ನ ಸಂಗ್ರಹದ ಪ್ರತಿಗಳನ್ನು ಮಾರಬಹುದೇ?

ಉತ್ತರ: ಕೂಡದು. 1984ರಲ್ಲಿ ಮುದ್ರಿಸಿಕೊಳ್ಳುವವರಿಗೆಂದೇ ಪ್ರತ್ಯೇಕ ಜಾಗ ಕೊಟ್ಟ ತಂಡ ಅದು. ಹಂಚಿಕೊಳ್ಳಿ, ದುಡ್ಡು ಮಾಡಬೇಡಿ ಎಂಬುದಷ್ಟೇ ಕರಾರು. ಖಾಲಿ ಕ್ಯಾಸೆಟ್ಟನ್ನೂ ಮರಳಿ ಕಳಿಸುವ ಅಂಚೆ ವೆಚ್ಚವನ್ನೂ ಕಳಿಸಿದರೆ ಅಪರಿಚಿತರು ತುಂಬಿಸಿ ಕಳಿಸುತ್ತಿದ್ದರು. ನನ್ನ ವೆನೀಟಾ ಬಂದದ್ದೂ ಹಾಗೆಯೇ, ಹಿಂಬದಿಯಲ್ಲಿ ಪೆನ್ಸಿಲಿನ ಒಂದು ಟಿಪ್ಪಣಿಯೊಡನೆ: ‘ತಿರುಗಿಸುವಾಗ ಸ್ವಲ್ಪ ಹೋಗಿದೆ, ಕ್ಷಮಿಸಿ.’ ಅದನ್ನು ಓದಿದ್ದು ಮಾತ್ರ 2013ರ ನಂತರ.